ಭಾನುವಾರದ ಕಾರು ಆರಿಸುವಾಗ

ತಿಂಗಳಿಗೆ ಒಬ್ಬರಾದರೂ ನನ್ನ ಗ್ಯಾರೇಜಿಗೆ ಬಂದು ಈ ಮಾತು ಕೇಳುತ್ತಾರೆ. "ಒಂದು ಹಳೆ ಕಾರು ನೋಡಿದೀನಿ. ಮನೆಯವರೆಲ್ಲ ಸೇರಿಕೊಂಡು ರೆಡಿ ಮಾಡೋಣ ಅಂತಿದೀವಿ. ಒಂದ್ಸಲ ಬಂದು ನೋಡ್ತೀರಾ?" ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಅಪ್ಪ, ಅಮ್ಮ, ಮಕ್ಕಳು ಒಂದೇ ಬಾನೆಟ್ ಕೆಳಗೆ ತಲೆ ತೂರಿಸಿ ನಿಲ್ಲುವುದು ಈಗ ಎಷ್ಟು ಮನೆಗಳಲ್ಲಿ ಉಂಟು? ಹೋಗಿ ನೋಡುವ ಮುಂಚೆ ನಾನು ಕೇಳುವುದು ಒಂದೇ ಪ್ರಶ್ನೆ. ಅದು ಈಗ ಓಡುತ್ತಾ?

"ಇಲ್ಲ, ನಿಂತು ಆರು ವರ್ಷ ಆಯ್ತಂತೆ, ಅದಕ್ಕೇ ಕಡಿಮೆಗೆ ಕೊಡ್ತಿದಾರೆ" ಅಂತ ಉತ್ತರ ಬಂದರೆ, ಬೇಡ ಅಂತ ಹೇಳಿಬಿಡುತ್ತೇನೆ. ಕಾರು ಯಾವುದು, ಬಣ್ಣ ಯಾವುದು ಅಂತ ಕೇಳುವುದೂ ಇಲ್ಲ. ಮೈಸೂರಿನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಹಳೆ ಗಾಡಿಗಳ ಕೆಲಸ ಮಾಡುತ್ತಿದ್ದೇನೆ. ಅರ್ಧಕ್ಕೆ ನಿಂತ ಕಾರುಗಳನ್ನು ತುಂಬಾ ನೋಡಿದ್ದೇನೆ. ಅವುಗಳಲ್ಲಿ ದುಡ್ಡು ಮುಗಿದು ನಿಂತವು ಕಡಿಮೆ, ಮನೆಯವರ ಆಸೆ ಬತ್ತಿ ನಿಂತವೇ ಜಾಸ್ತಿ.

ಕೆಲವು ವರ್ಷದ ಹಿಂದೆ ಒಂದು ಕುಟುಂಬ ಸ್ಟ್ಯಾಂಡರ್ಡ್ ಹೆರಾಲ್ಡ್ ತಂದಿತು. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಚೆಂದದ ಕಾರು. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಎದ್ದು ನಿಲ್ಲುತ್ತದೆ. ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. ಕೆಳಗೆ ಬೇರೆ ಚಾಸಿ, ಅಂದರೆ ಗಾಡಿಯ ಭಾರ ಹೊರುವ ಚೌಕಟ್ಟು, ಇದೆ, ಬಾಡಿಯ ಭಾಗಗಳನ್ನು ಅದಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ ಅಂತ ನಾನೂ ಅಂದುಕೊಂಡೆ, ತಗೊಳ್ಳಿ ಅಂದೆ. ಅದು ಓಡುತ್ತಿರಲಿಲ್ಲ. ಮೊದಲ ತಿಂಗಳು ಎಲ್ಲರೂ ಉತ್ಸಾಹದಿಂದ ಬಿಚ್ಚಿದರು. ಆಮೇಲೆ ಗಾಜಿನ ಬೀಡಿಂಗ್ ರಬ್ಬರ್ ಸಿಗಲಿಲ್ಲ. ಲೈಟಿನ ರಿಂಗ್ ಸಿಗಲಿಲ್ಲ. ಒಂದು ಬಾಗಿಲ ಹಿಡಿಗೆ ಐದು ತಿಂಗಳು ಕಾದರು. ಮಗ ಎಸ್ಸೆಸ್ಸೆಲ್ಸಿಗೆ ಬಂದ, ಮಗಳು ಹಾಸ್ಟೆಲ್ಲಿಗೆ ಹೋದಳು. ಕಾರು ಟಾರ್ಪಾಲಿನ ಕೆಳಗೇ ಉಳಿಯಿತು. ಆ ಮಕ್ಕಳು ಒಂದು ಸಲವೂ ಅದರಲ್ಲಿ ಕೂತು ರಸ್ತೆಗೆ ಇಳಿಯಲಿಲ್ಲ. ಅದು ನನ್ನ ಸಲಹೆಯ ತಪ್ಪು. ಅಲ್ಲಿಂದ ಮುಂದೆ ನಾನು ಲೆಕ್ಕ ಹಾಕುವ ರೀತಿಯೇ ಬದಲಾಯಿತು.

ಓಡುವ ಕಾರಾದರೆ ಭಾನುವಾರ ಬೆಳಗ್ಗೆ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ತೊಳೆದು ಕೂರಿಸಿದ ಮಗು, ಸಂಜೆ ಅದೇ ಕಾರಿನಲ್ಲಿ ಕೂತು ಒಂದು ಸುತ್ತು ಹೋಗಿ ಬರುತ್ತದೆ. ತಾನು ಮಾಡಿದ ಕೆಲಸ ಏನು ಮಾಡಿತು ಅಂತ ಅದಕ್ಕೆ ಕಿವಿಯಲ್ಲೇ ಗೊತ್ತಾಗುತ್ತದೆ. ಮುಂದಿನ ಭಾನುವಾರ ಕರೆಯದಿದ್ದರೂ ಬರುತ್ತದೆ. ನಿಂತ ಕಾರಿನಲ್ಲಿ ಈ ಖುಷಿಗೆ ಒಂದು ವರ್ಷ ಕಾಯಬೇಕು. ಹತ್ತು ಹನ್ನೆರಡು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ತುಂಬಾ ದೊಡ್ಡದು, ಅಲ್ವಾ?

ಹಾಗಾದರೆ ಯಾವ ಕಾರು? ನಮ್ಮ ಕಡೆ ನನ್ನ ಮೊದಲ ಆಯ್ಕೆ ಕಾರ್ಬೊರೇಟರ್ ಇರುವ ಮಾರುತಿ 800. ಇದು ಹೇಳಿದರೆ ಎಷ್ಟೋ ಜನರ ಮುಖ ಸಪ್ಪಗಾಗುತ್ತದೆ. ಅವರ ಮನಸ್ಸಿನಲ್ಲಿ ಇರುವುದು ಪದ್ಮಿನಿ, ಅಂಬಾಸಿಡರ್. ಆದರೆ 1983ರ ಡಿಸೆಂಬರಿನಲ್ಲಿ ಬಂದ ಕಾರು ಈಗ ಹೊಸದಲ್ಲ. ನಮ್ಮ ದೇಶದ ಎಷ್ಟೋ ಮನೆಗಳ ಮೊದಲ ಕಾರು ಅದು. ತೂಕ ಸುಮಾರು 650 ಕೆಜಿ, ಮನೆಮುಂದೆ ಇಬ್ಬರು ಸೇರಿ ತಳ್ಳಬಹುದು. 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್ ಪುಟ್ಟದು. ಅದೇ ಸೈಜಿನ ಇಂಜಿನ್ ಓಮ್ನಿಯಲ್ಲೂ ಇದ್ದಿದ್ದರಿಂದ ತಾಲ್ಲೂಕು ಕೇಂದ್ರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ. 2000ದ ಆಸುಪಾಸಿನಲ್ಲಿ ಬಂದ ಎಂಪಿಎಫ್‌ಐ ಮಾಡೆಲ್ (ಇದರಲ್ಲಿ ಕಾರ್ಬೊರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ) ಓಡಿಸಲು ಚೆನ್ನಾಗಿದೆ, ಕಲಿಸಲು ಅಷ್ಟಲ್ಲ. ಅದರಲ್ಲಿ ಸೆನ್ಸರ್ ಕೆಟ್ಟರೆ ಬದಲಿಸುವುದೇ ಕೆಲಸ, ಕಣ್ಣಿಗೆ ಏನೂ ಕಾಣುವುದಿಲ್ಲ.

ಪ್ರೀಮಿಯರ್ ಪದ್ಮಿನಿ ಬೇಕೇ ಬೇಕು ಅಂದರೆ ನಾನು ತಡೆಯುವುದಿಲ್ಲ. ನನ್ನ ಮನಸ್ಸೂ ಅಲ್ಲೇ ಇದೆ. ಮುಂಬೈನ ಕುರ್ಲಾದಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಅಂತ ಬರುತ್ತಿದ್ದ ಗಾಡಿಗೇ 1974ರಲ್ಲಿ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ತೆರೆದು ಮುಚ್ಚುವ ಪಾಯಿಂಟ್ ತೋರಿಸಿ, ಕಿಡಿ ಹೇಗೆ ಬರುತ್ತದೆ ಅಂತ ಮಕ್ಕಳಿಗೆ ಬೆರಳಿಟ್ಟು ಹೇಳಬಹುದು. ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿ ಹಿಡಿದು ಆ ಪಾಯಿಂಟಿನ ಗ್ಯಾಪ್ ನೋಡುವುದನ್ನು ಏಳನೇ ಕ್ಲಾಸಿನ ಹುಡುಗಿ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ನೋಡಿದ್ದೇನೆ. ಮುಂಬೈನಲ್ಲಿ 2023ರ ತನಕ ಅದು ಟ್ಯಾಕ್ಸಿಯಾಗಿ ಓಡಿದ್ದರಿಂದ ಇಂಜಿನ್, ಬ್ರೇಕ್, ಕ್ಲಚ್ಚಿನ ಸಾಮಾನಿಗೆ ಈಗಲೂ ತೊಂದರೆ ಇಲ್ಲ. ಬಾಡಿಯ ಸಾಮಾನು ಹಾಗಲ್ಲ. ಕ್ರೋಮ್ ಪಟ್ಟಿ, ಗ್ರಿಲ್, ಮೀಟರ್, ಹಿಂದಿನ ಲೈಟಿನ ಗಾಜು ಇವೆಲ್ಲ ಗಾಡಿಯಲ್ಲೇ ಇರುವುದನ್ನು ತಗೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಗುಜರಿ ಅಂಗಡಿಗಳು ಎಲ್ಲಾ ಸುತ್ತಿದರೂ ಒಂದು ಸಣ್ಣ ಚೂರು ಸಿಗದೆ ವಾಪಸ್ ಬರಬೇಕಾಗುತ್ತದೆ. ಇಂಜಿನ್ ಸೊರಗಿದ್ದರೂ ಓಡುವ, ಸಾಮಾನೆಲ್ಲ ಇರುವ ಗಾಡಿ ಸಿಕ್ಕರೆ ಪರವಾಗಿಲ್ಲ. ಇಂಜಿನ್ ಚೆನ್ನಾಗಿದ್ದು ಅರ್ಧ ಸಾಮಾನು ಇಲ್ಲದ ಗಾಡಿ ತುಂಬಾ ಕಾಡುತ್ತದೆ.

ಅಂಬಾಸಿಡರ್ ಭಾರದ ಗಾಡಿ. ಗೇರ್ ಬಾಕ್ಸ್ ಇಳಿಸುವುದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ಜಾಗ, ಜನ ಎರಡೂ ಇದ್ದರೆ ನೋಡಿ. ಜೀಪು ಹುಡುಗರಿಗೆ ಇಷ್ಟ. ಆದರೆ ಈಗ ಸಿಗುವ ಹೆಚ್ಚಿನ ಜೀಪುಗಳಲ್ಲಿ ಮೂರು ಗಾಡಿಯ ಸಾಮಾನು ಸೇರಿರುತ್ತದೆ, ಪೇಪರ್ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಪೇಪರ್ ವಿಷಯವನ್ನು ಗಾಡಿ ನೋಡುವ ಮುಂಚೆಯೇ ಮುಗಿಸಿ. ಆರ್‌ಸಿ ಯಾರ ಹೆಸರಿನಲ್ಲಿದೆ? ಮಾರುತ್ತಿರುವವರು ಅವರೇನಾ? ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ನಿಮಗೆ ಕೊಡಲಿ. ಇಪ್ಪತ್ತು ವರ್ಷದ ಹಿಂದಿನ ಸಾಲದ ಹೈಪೋಥಿಕೇಶನ್ (ಗಾಡಿ ಸಾಲಕ್ಕೆ ಅಡವಾಗಿದೆ ಅನ್ನುವ ನಮೂದು) ಆರ್‌ಸಿಯಲ್ಲಿ ಹಾಗೇ ಕೂತಿರುತ್ತದೆ, ಸಾಲ ಕೊಟ್ಟ ಕಂಪನಿಯೇ ಈಗ ಇರುವುದಿಲ್ಲ. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಟಾರ್ಚ್ ಹಾಕಿ ಓದಿ ಹೋಲಿಸಿ. ಪೆಟ್ರೋಲ್ ಗಾಡಿಗೆ ಯಾರೋ ಯಾವಾಗಲೋ ಡೀಸೆಲ್ ಇಂಜಿನ್ ಕೂರಿಸಿ ಆರ್‌ಸಿಗೆ ಹತ್ತಿಸದೇ ಬಿಟ್ಟಿರುವುದು ಅಂಬಾಸಿಡರ್‌ಗಳಲ್ಲಿ ಕಾಣುತ್ತದೆ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದನ್ನು ಮಾಡಿಸಿರುವ ಗಾಡಿಗೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. 'ಎಂವೈ', 'ಸಿಎ' ಅಂತ ಶುರುವಾಗುವ ಹಳೆ ನಂಬರಿನ ಗಾಡಿಗಳ ವಿವರ ಎಷ್ಟೋ ಸಲ ಆನ್‌ಲೈನಿನಲ್ಲಿ ಇರುವುದಿಲ್ಲ. ಆರ್‌ಟಿಒ ಕಚೇರಿಯ ಹಳೆ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸಬೇಕಾಗುತ್ತದೆ. ಇದನ್ನು ಮಾರುವವರೇ ಮಾಡಿಸಿಕೊಡಲಿ ಅಂತ ಮೊದಲೇ ಮಾತಾಡಿಕೊಳ್ಳಿ.

ದೆಹಲಿ ಕಡೆಯ ಗಾಡಿಗಳು ಕಡಿಮೆ ಬೆಲೆಗೆ ಬರುತ್ತವೆ. ಅಲ್ಲಿ ಹಳೆ ಗಾಡಿಗಳ ಮೇಲೆ ಬಿಗಿ ಬಂದ ಮೇಲೆ ಇದು ಜಾಸ್ತಿಯಾಗಿದೆ. ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಮರುನೋಂದಣಿ ಎಲ್ಲಾ ಸೇರಿಸಿ ನೋಡಿದರೆ ಆ ಕಡಿಮೆ ಬೆಲೆ ಉಳಿಯುವುದಿಲ್ಲ. ಇನ್ನು 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಇದೆ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ಹೊರಗೆ ತರಬಹುದು. ಮನೆಮಂದಿ ಸೇರಿ ಶ್ರೀರಂಗಪಟ್ಟಣಕ್ಕೋ ನಂಜನಗೂಡಿಗೋ ಹೋಗಿಬರುವ ಆಸೆ ಇದ್ದರೆ ಮಾಮೂಲಿ ನೋಂದಣಿಯ ಗಾಡಿಯೇ ಸರಿ.

ಈಗ ಗಾಡಿ ನೋಡುವುದು. ಹೊಸಬರು ಬಾನೆಟ್ ಎತ್ತಿ ಇಂಜಿನ್ ಶಬ್ದ ಕೇಳುತ್ತಾರೆ. ನಾನು ಮೊದಲು ಮಂಡಿಯೂರಿ ಕೆಳಗೆ ನೋಡುತ್ತೇನೆ. ಇಂಜಿನ್ನನ್ನು ಲೇತಿಗೆ ಕಳಿಸಿ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ) ತಂದರೆ ಅದರ ಖರ್ಚು ಇಷ್ಟೇ ಅಂತ ಹೇಳಬಹುದು. ತುಕ್ಕು ಹಿಡಿದ ಬಾಡಿಗೆ ಹಾಗೆ ಹೇಳಲು ಆಗುವುದಿಲ್ಲ. ಟಿಂಕರಿಂಗ್ ಮಾಡುವವರು ಒಂದು ಕಡೆ ಕತ್ತರಿಸಿದರೆ ಪಕ್ಕದಲ್ಲಿ ಇನ್ನೊಂದು ತೂತು ಕಾಣುತ್ತದೆ. ಪದ್ಮಿನಿ, ಅಂಬಾಸಿಡರ್, 800 ಮೂರರಲ್ಲೂ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಕೆಳಗಿನ ತಗಡು ಹೋದರೆ ಗಾಡಿಯ ಬೆನ್ನುಮೂಳೆಯೇ ಹೋದ ಹಾಗೆ.

ಮ್ಯಾಟ್ ಎತ್ತಿಸಿ. ಮಾರುವವರು ಬೇಜಾರು ಮಾಡಿಕೊಂಡರೂ ಸರಿ, ಎತ್ತಿಸಿ. ಜಾಕಿ ಕೊಡುವ ಜಾಗ, ಬಾಗಿಲ ಕೆಳಗಿನ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ತಟ್ಟೆಯ ಕೆಳಗೆ, ಮುಂದಿನ ಗಾಜಿನ ರಬ್ಬರ್ ಸುತ್ತ ನೋಡಿ. ನೀರು ನಿಲ್ಲುವ ಜಾಗಗಳು ಇವೇ. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮಗುವಿನ ಕೈಗೆ ಕೊಡಿ. ಬಾಡಿಯ ಉದ್ದಕ್ಕೂ ಸರಿಸುತ್ತಾ ಹೋಗಲಿ. ಹಿಡಿಯದ ಕಡೆ ಒಳಗೆ ದಪ್ಪ ಲಪ್ಪ (ತೂತು, ತಗ್ಗು ಮುಚ್ಚಲು ಮೆತ್ತುವ ಪುಟ್ಟಿ) ಇದೆ ಅಂತ ಅರ್ಥ. ಮಕ್ಕಳಿಗೆ ಇದು ಆಟ, ನಿಮಗೆ ಸಾವಿರಾರು ರೂಪಾಯಿ ಉಳಿಸುವ ಪರೀಕ್ಷೆ. ಬಾಗಿಲು ತೆಗೆದಾಗ ಕೆಳಕ್ಕೆ ಜೋತರೆ ಹಿಂಜ್ ಸವೆದಿರಬಹುದು, ಇಲ್ಲಾ ಕಂಬವೇ ಕೊಳೆತಿರಬಹುದು. ಎರಡನೆಯದಾದರೆ ಬಿಟ್ಟು ಬನ್ನಿ.

ಗಾಡಿ ಎಲ್ಲಿ ಬಾಳಿತು ಅನ್ನುವುದೂ ಮುಖ್ಯ. ಮಂಗಳೂರು, ಉಡುಪಿ, ಕಾರವಾರದ ಗಾಡಿಗೆ ಉಪ್ಪು ಗಾಳಿ ತಾಗಿರುತ್ತದೆ. ಮಲೆನಾಡಿನ ತೋಟದ ಗಾಡಿ ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ. ಚಳ್ಳಕೆರೆ, ಬಳ್ಳಾರಿ ಕಡೆಯ ಗಾಡಿಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ರಬ್ಬರ್ ಎಲ್ಲಾ ಗಟ್ಟಿಯಾಗಿರುತ್ತದೆ. ತಗಡು ಮಾತ್ರ ಗಟ್ಟಿಮುಟ್ಟು. ನನಗೆ ಅಂಥ ಗಾಡಿಯೇ ಬೇಕು.

ಇಂಜಿನ್ ನೋಡಲು ಬೆಳಗ್ಗೆ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ತಣ್ಣಗಿನ ಇಂಜಿನ್ ಸುಲಭವಾಗಿ ಹೊತ್ತುವುದಿಲ್ಲ ಅಂತ ಅನುಮಾನ ಪಡಬೇಕು. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಆಯಿಲ್ ಮುಚ್ಚಳದೊಳಗೆ ಹಾಲು ಕಾಫಿಯಂಥ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಗೂ ಕೆಳಭಾಗಕ್ಕೂ ನಡುವಿನ ಸೀಲು) ಹೋಗಿರಬಹುದು. ಕಪ್ಪು ಹೊಗೆಗೆ ಹೆದರಬೇಡಿ, ಹೆಚ್ಚಿನ ಸಲ ಅದು ಕಾರ್ಬೊರೇಟರಿನ ಕೆಲಸ, ಮಕ್ಕಳ ಮೊದಲ ಭಾನುವಾರಕ್ಕೆ ಸರಿಯಾಗುತ್ತದೆ.

ಒಂದು ಕಡೆ ನನ್ನ ನಿಯಮ ಸಡಿಲವಾಗುತ್ತದೆ. ಅಜ್ಜನ ಕಾರು ಊರಿನ ಕೊಟ್ಟಿಗೆಯಲ್ಲೇ ನಿಂತಿದ್ದರೆ ಬೇರೆ ಕಾರು ಹುಡುಕಬೇಡಿ. ಅಜ್ಜಿ ಯಾವ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋಗಿದ್ದರು, ಆ ಗೀರು ಯಾವ ಗೇಟಿಗೆ ತಾಗಿ ಆಯ್ತು, ಇದೆಲ್ಲ ಹೇಳುವವರು ಮನೆಯಲ್ಲೇ ಇದ್ದಾರೆ. ಆದರೆ ಅದನ್ನು ಓಡುವ ಸ್ಥಿತಿಗೆ ತರುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ಸುಮ್ನೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಟ್ಯಾಂಕಿನ ಹಳೆ ಪೆಟ್ರೋಲ್ ಚೆಲ್ಲಿ, ಟ್ಯಾಂಕ್ ತೊಳೆಯಬೇಕು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ. ಹಳೆ ರಬ್ಬರ್ ಪೈಪು, ಪೆಟ್ರೋಲ್ ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಅದನ್ನು ತಾಳುವುದಿಲ್ಲ, ಎಲ್ಲಾ ಬದಲಿಸಲೇಬೇಕು. ಬ್ರೇಕ್ ಪೂರ್ತಿ ಹೊಸದಾಗಬೇಕು. ಇಷ್ಟಾಗಿ ಗಾಡಿ ಮನೆ ಅಂಗಳಕ್ಕೆ ತಾನೇ ಓಡಿಕೊಂಡು ಬರಲಿ. ಮನೆಯವರ ಕೆಲಸ ಅಲ್ಲಿಂದ ಶುರು.

ದುಡ್ಡಿನ ಬಗ್ಗೆ ನಾನು ಹೇಳುವುದು ಇಷ್ಟು. ಕಾರಿಗೆ ಕೊಟ್ಟಷ್ಟೇ ಹಣ ಇನ್ನೊಂದು ಸಲ ಕೈಯಲ್ಲಿ ಇಲ್ಲದಿದ್ದರೆ ಇನ್ನೂ ಕಡಿಮೆ ಬೆಲೆಯ, ಇನ್ನೂ ಸರಳವಾದ ಕಾರು ನೋಡಿ. ಕೊಳ್ಳುವ ಸಂತೋಷಕ್ಕೆ ಪೂರ್ತಿ ಹಣ ಹಾಕಿ ಆಮೇಲೆ ಟೈರಿಗೆ ಪರದಾಡುವುದನ್ನು ನೋಡಲು ಕಷ್ಟವಾಗುತ್ತದೆ.

ಎಲ್ಲಾ ಕೆಲಸವೂ ಮಕ್ಕಳಿಗಲ್ಲ. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ಯಾರೂ ತೂರಬಾರದು, ದೊಡ್ಡವರೂ. ಸ್ಟ್ಯಾಂಡ್ ಕೊಟ್ಟ ಮೇಲೆಯೇ. ಹಳೆ ಬ್ರೇಕ್ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಬಾಯಲ್ಲಿ ಊದಿ ತೆಗೆಯುವ ಅಭ್ಯಾಸ ಬೇಡವೇ ಬೇಡ. ಪೇಂಟನ್ನು ಬೂತಿನಲ್ಲೇ ಮಾಡಿಸಿ. ಈಗಿನ ಟೂ ಪ್ಯಾಕ್ (ಹಾರ್ಡನರ್ ಬೆರೆಸಿ ಹೊಡೆಯುವ) ಪೇಂಟಿನ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಸೀಟು ಬಿಚ್ಚುವುದು, ಕ್ರೋಮ್ ಉಜ್ಜುವುದು, ಪ್ಲಗ್, ಕಾರ್ಬೊರೇಟರ್, ವೈರಿಂಗ್, ಬಾಗಿಲ ಬೀಗ, ಗಾಜು ಏರಿಸುವ ಹಿಡಿ, ಇವು ಮಕ್ಕಳಿಗೆ ಇರಲಿ. ಒಂದು ವರ್ಷಕ್ಕೆ ಸಾಕಷ್ಟಾಗುತ್ತದೆ.

ಕಾರು ಮನೆಗೆ ಬಂದ ದಿನ ಸ್ಪ್ಯಾನರ್ ಮುಟ್ಟಬೇಡಿ. ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ಒಂದು ನೋಟ್‌ಬುಕ್ ಇಡಿ. ಹೋದ ವರ್ಷ 1997ರ ಮಾರುತಿ 800 ತಗೊಂಡ ಒಂದು ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಗೆ ಈ ಕೆಲಸ ಕೊಟ್ಟಿದ್ದೆ. ಮೊನ್ನೆ ಅವಳು ಆ ಪುಸ್ತಕ ತಂದು ತೋರಿಸಿದಳು. ಮೊದಲ ಪುಟದಲ್ಲಿ ಕಿಲೋಮೀಟರ್ ರೀಡಿಂಗ್. ಕೆಳಗೆ, ಎಡ ಬಾಗಿಲು ಬಿಗಿ, ಹಾರ್ನ್ ಒಮ್ಮೊಮ್ಮೆ ಬಡಿಯುತ್ತೆ, ವೈಪರ್ ಒಂದೇ ಕಡೆ. ಮೂರರ ಮುಂದೆಯೂ ಟಿಕ್ ಇತ್ತು. ಹದಿನಾಲ್ಕನೇ ಪುಟದಲ್ಲಿ, ನಂಜನಗೂಡಿಗೆ ಹೋಗಿ ಬಂದೆವು, ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ ಅಂತ ಬರೆದಿದ್ದಳು.