ಕಪ್ಲರ್‌ನಿಂದ ಪಿನ್ ತೆಗೆಯುವುದು: ಎಳೆಯುವ ಮೊದಲು ತಳ್ಳಿ

ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಓದುತ್ತಿರುವವರಿಗೆ, ಗ್ಯಾರೇಜಿಗೆ ಹೊಸದಾಗಿ ಸೇರಿದವರಿಗೆ ಈ ಟಿಪ್ಪಣಿ. ಶಿವಮೊಗ್ಗದ ಸಾಗರ ರಸ್ತೆ ಕಡೆಯ ಗ್ಯಾರೇಜಿನಲ್ಲಿ ಹೋದ ವಾರ ಇದನ್ನು ಕಲಿತೆ. ಕೈಗೆ ಹತ್ತಿದ್ದು ಮರೆತು ಹೋಗುವ ಮೊದಲು ಬರೆದಿಡುತ್ತಿದ್ದೇನೆ. ವೈರ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಗೂಡಿಗೆ ಪುಸ್ತಕದಲ್ಲಿ ಕನೆಕ್ಟರ್ ಅಂತ, ಅದರೊಳಗೆ ವೈರಿನ ತುದಿಯಲ್ಲಿರುವ ಲೋಹದ ತುಂಡಿಗೆ ಟರ್ಮಿನಲ್ ಅಂತ ಇರುತ್ತದೆ. ಗ್ಯಾರೇಜಿನಲ್ಲಿ ಎಲ್ಲರೂ ಕಪ್ಲರ್, ಪಿನ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಬಂದದ್ದು ತೀರ್ಥಹಳ್ಳಿ ಕಡೆಯ ಒಂದು ಪಿಕಪ್. ಬಲಗಡೆ ಹೆಡ್‌ಲೈಟ್ ಮಂಕು. ಬಲ್ಬ್ ಬದಲಿಸಿದರೂ ಹಾಗೇ. ಬಲ್ಬಿನ ಹಿಂದಿನ ಮೂರು ಪಿನ್ನಿನ ಕಪ್ಲರ್ ಕಳಚಿ ನೋಡಿದರೆ, ಅರ್ತ್ ಪಿನ್ನಿಗೆ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ಪಿನ್) ಹಸಿರು ಕಿಲುಬು ಹಿಡಿದಿತ್ತು. ಸುತ್ತಲಿನ ಪ್ಲಾಸ್ಟಿಕ್ ಕಂದಾಗಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಬಾನೆಟ್ ಒಳಗಿನ ತಾಮ್ರ ಉಳಿಯುತ್ತದಾ?

ಕಿಲುಬಿಗೆ ಇಷ್ಟು ಮಂಕಾಗುವುದು ಯಾಕೆ ಅಂತ ಲೆಕ್ಕ ಹಾಕಿ ನೋಡಿದೆ. 55 ವ್ಯಾಟ್ ಬಲ್ಬು 12 ವೋಲ್ಟಿಗೆ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಅಂದರೆ ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 2.6 ಓಮ್. ಕಿಲುಬಿನಿಂದ ಅರ್ಧ ಓಮ್ ಸೇರಿತು ಅಂದುಕೊಳ್ಳಿ. ಒಟ್ಟು 3.1 ಓಮ್, ಕರೆಂಟ್ 3.9 ಆಂಪಿಯರಿಗೆ ಇಳಿಯುತ್ತದೆ. ಬಲ್ಬಿಗೆ ಸಿಗುವುದು 10 ವೋಲ್ಟ್ ಚಿಲ್ಲರೆ. ಉಳಿದ ಸುಮಾರು 2 ವೋಲ್ಟ್ ಆ ಪಿನ್ನಿನಲ್ಲೇ ಕಳೆದುಹೋಗುತ್ತದೆ. ಅದರಿಂದ ಹುಟ್ಟುವ ಶಾಖ 7ರಿಂದ 8 ವ್ಯಾಟ್. ಕಡಲೆಬೀಜದಷ್ಟು ಜಾಗದಲ್ಲಿ ಅಷ್ಟು ಶಾಖ ಕೂತರೆ ಪ್ಲಾಸ್ಟಿಕ್ ಕರಗದೆ ಏನಾಗುತ್ತದೆ? ಮೇಲಿಂದ ಸ್ಪ್ರೇ ಹೊಡೆದು ಮುಚ್ಚಿದರೆ ಸಾಲದು. ಪಿನ್ ಹೊರಗೆ ಬರಲೇಬೇಕು.

ಪಿನ್ ಒಳಗೆ ಹೇಗೆ ಕೂತಿರುತ್ತದೆ

ಪಿನ್ನಿನ ಬೆನ್ನ ಮೇಲೆ ತಗಡಿನದೇ ಒಂದು ಸಣ್ಣ ನಾಲಿಗೆ ಎದ್ದಿರುತ್ತದೆ. ಅದರ ತುದಿ ವೈರಿನ ಕಡೆಗೆ ಇರುತ್ತದೆ. ಹಿಂದಿನಿಂದ ಪಿನ್ ತೂರಿಸುವಾಗ ನಾಲಿಗೆ ಬಗ್ಗಿಕೊಂಡು ಹೋಗುತ್ತದೆ. ಗೂಡಿನೊಳಗೆ ಒಂದು ಮೆಟ್ಟಿಲಿದೆ. ಅದನ್ನು ದಾಟಿದ ಕೂಡಲೇ ಟಕ್ ಅಂತ ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ಮೀನು ಹತ್ತುವಾಗ ಗದ್ದೆ ಕಂಡಿಗೆ ಕೂಣಿ (ಮೀನು ಹಿಡಿಯುವ ಕಡ್ಡಿಯ ಬುಟ್ಟಿ) ಇಡುತ್ತಾರಲ್ಲ, ಹಾಗೆ. ಮೀನು ಒಳಗೆ ಹೋಗುವುದು ಸುಲಭ, ವಾಪಸ್ ಬರಲು ಕಡ್ಡಿಗಳ ತುದಿ ಅಡ್ಡ.

ಇದನ್ನು ಬಿಡಿಸಲು ಕಪ್ಲರಿನ ಬಾಯಿ ಕಡೆಯಿಂದ (ಬಲ್ಬ್ ಬಂದು ಸೇರುವ ಕಡೆ) ತೆಳ್ಳಗಿನ ಪಟ್ಟಿ ತೂರಿಸಿ, ನಾಲಿಗೆಯನ್ನು ಪಿನ್ನಿನ ಮೈಗೆ ಒತ್ತಬೇಕು. ಆಮೇಲೆ ಹಿಂದಿನಿಂದ ವೈರ್ ಎಳೆಯಬೇಕು. ಓದಲು ಇಷ್ಟೇ. ನಾನು ಸೋತದ್ದು ಇದರ ನಡುವಿನ ಒಂದು ಹೆಜ್ಜೆಯಲ್ಲಿ.

ನಾನು ಎಡವಿದ ಜಾಗ

ಎಡಗೈಯಲ್ಲಿ ವೈರ್ ಬಿಗಿಯಾಗಿ ಎಳೆದು ಹಿಡಿದಿದ್ದೆ. ಬಲಗೈಯಲ್ಲಿ ಪಟ್ಟಿ ತೂರಿಸಿ ನಾಲಿಗೆ ಒತ್ತಲು ನೋಡಿದೆ. ಅಲುಗಲಿಲ್ಲ. ಇನ್ನೂ ಜೋರಾಗಿ ಎಳೆದೆ. ಮತ್ತೆ ಒತ್ತಿದೆ. ಹತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ವೈರೇ ಪಿನ್ನಿನಿಂದ ಕಿತ್ತು ಬಂತು. ಪಿನ್ ಒಳಗೇ ಉಳಿಯಿತು.

ಗ್ಯಾರೇಜಿನ ಅಣ್ಣ ಪಕ್ಕಕ್ಕೆ ಬಂದು ನೋಡಿದರು. "ಎಳೀತಾ ಇದ್ರೆ ಅದು ಇನ್ನೂ ಕಚ್ಕೊಳ್ತದೆ ಮಾರಾಯ. ಮೊದ್ಲು ಒಳಗೆ ತಳ್ಳು" ಅಂದರು.

ಈ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ತೆಗೆಯಬೇಕಾದ್ದನ್ನು ಒಳಗೆ ಯಾಕೆ ತಳ್ಳಬೇಕು? ಆಷಾಢದಲ್ಲಿ ಮನೆ ಬಾಗಿಲು ನೆಂದು ಉಬ್ಬಿರುತ್ತದೆ. ಚಿಲಕ ತೆಗೆಯಲು ಹೋದರೆ ಜಗ್ಗುವುದಿಲ್ಲ, ಯಾಕೆಂದರೆ ಬಾಗಿಲಿನ ಭಾರವೆಲ್ಲ ಚಿಲಕದ ಮೇಲೆ ಬಿದ್ದಿದೆ. ಆಗ ಏನು ಮಾಡುತ್ತೇವೆ? ಭುಜ ಕೊಟ್ಟು ಬಾಗಿಲನ್ನು ಇನ್ನಷ್ಟು ಒಳಗೆ ಒತ್ತುತ್ತೇವೆ. ಚಿಲಕ ಸಡಿಲವಾಗುತ್ತದೆ. ಒಂದೇ ಬೆರಳಿಗೆ ಸರಿಯುತ್ತದೆ.

ಪಿನ್ನಿನದೂ ಅದೇ ಕಥೆ. ವೈರ್ ಎಳೆದಾಗ ನಾಲಿಗೆಯ ತುದಿ ಮೆಟ್ಟಿಲಿಗೆ ಊರಿಕೊಳ್ಳುತ್ತದೆ. ಎಳೆದಷ್ಟೂ ಪ್ಲಾಸ್ಟಿಕ್ಕಿಗೆ ಕಚ್ಚುತ್ತದೆ, ಇನ್ನೂ ಮೇಲಕ್ಕೆ ಏಳುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಕೆಳಗೆ ಒತ್ತಲು ಆಗುವುದಿಲ್ಲ. ವೈರನ್ನು ಬಾಯಿ ಕಡೆಗೆ ತಳ್ಳಿದರೆ ಪಿನ್ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ, ಹೆಚ್ಚೆಂದರೆ 1 ಮಿಲಿಮೀಟರ್. ಅಷ್ಟು ಸಾಕು. ತುದಿ ಮೆಟ್ಟಿಲು ಬಿಡುತ್ತದೆ.

ಆದ್ದರಿಂದ ಕ್ರಮ ಹೀಗೆ. ವೈರ್ ಒಳಗೆ ತಳ್ಳಿ ಹಿಡಿಯಿರಿ. ಹಿಡಿದುಕೊಂಡೇ ಪಟ್ಟಿ ತೂರಿಸಿ. ನಾಲಿಗೆ ಕುಸಿದದ್ದು ಬೆರಳಿಗೆ ಗೊತ್ತಾಗುತ್ತದೆ, ಸಣ್ಣ ಸ್ಪ್ರಿಂಗ್ ಬಗ್ಗಿದ ಹಾಗೆ. ಪಟ್ಟಿ ಅಲ್ಲೇ ಇರಲಿ. ಈಗ ಮೆಲ್ಲಗೆ ಎಳೆಯಿರಿ. ಬರಲಿಲ್ಲವಾ? ಜೋರು ಮಾಡಬೇಡಿ. ಮತ್ತೆ ಒಳಗೆ ತಳ್ಳಿ, ಪಟ್ಟಿಯ ಜಾಗ ಸರಿಮಾಡಿ. ಸರಿಯಾಗಿ ಬಿಟ್ಟುಕೊಂಡ ಪಿನ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಬಲ ಹಾಕಬೇಕಾಯಿತು ಅಂದರೆ ಲಾಕ್ ಇನ್ನೂ ಬಿಟ್ಟಿಲ್ಲ ಅಂತಲೇ ಅರ್ಥ.

ವೈರ್ ಕಿತ್ತು ಹೋಗಿದ್ದರೂ ಹೆದರಬೇಡಿ. ಹಿಂದಿನಿಂದ ಕಡ್ಡಿಯಲ್ಲಿ ಪಿನ್ನನ್ನು ಸ್ವಲ್ಪ ಮುಂದೆ ತಳ್ಳಿ, ನಾಲಿಗೆ ಒತ್ತಿ, ಆಮೇಲೆ ಬಾಯಿ ಕಡೆಯಿಂದಲೇ ಹಿಂದಕ್ಕೆ ನೂಕಿ. ನನ್ನದನ್ನೂ ಹಾಗೇ ತೆಗೆದದ್ದು.

ಒತ್ತುವುದು ಯಾವ ಕಡೆಗೆ?

ನಾಲಿಗೆ ಎಲ್ಲ ಕಪ್ಲರಿನಲ್ಲೂ ಪಿನ್ನಿನ ಮೇಲೆ ಇರುವುದಿಲ್ಲ. ಕೆಲವದರಲ್ಲಿ ಪಿನ್ ನುಣ್ಣಗಿರುತ್ತದೆ, ಲಾಕ್ ಇರುವುದು ಪ್ಲಾಸ್ಟಿಕ್ಕಿನಲ್ಲಿ. ಗೂಡಿನೊಳಗೆ ಒಂದು ಪ್ಲಾಸ್ಟಿಕ್ ಬೆರಳು ಪಿನ್ನನ್ನು ಹಿಡಿದಿರುತ್ತದೆ. ಲೋಹದ ನಾಲಿಗೆಯನ್ನು ಪಿನ್ನಿನ ಕಡೆಗೆ ಒತ್ತಬೇಕು. ಪ್ಲಾಸ್ಟಿಕ್ ಬೆರಳನ್ನು ಪಿನ್ನಿನಿಂದ ಆಚೆಗೆ ಎತ್ತಬೇಕು. ಎರಡೂ ತದ್ವಿರುದ್ಧ. ಪ್ಲಾಸ್ಟಿಕ್ ಬೆರಳನ್ನು ಪಿನ್ನಿಗೇ ಒತ್ತುತ್ತಾ ಕೂತರೆ ನಾವೇ ಲಾಕ್ ಬಿಗಿ ಮಾಡಿದ ಹಾಗೆ. ಜಾಸ್ತಿ ಎತ್ತಿದರೆ ಬೆರಳು ಮುರಿಯುತ್ತದೆ, ಆ ಕಪ್ಲರ್ ಕೆಲಸಕ್ಕೆ ಬರುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಬಾಯಿಯೊಳಗೆ ನೋಡಿ. ಲೋಹ ಹೊಳೆಯುತ್ತದೆ, ಪ್ಲಾಸ್ಟಿಕ್ ಹೊಳೆಯುವುದಿಲ್ಲ. ಅಂದಾಜಿನ ಮೇಲೆ ಪಟ್ಟಿ ತೂರಿಸಬೇಡಿ.

ಇದಕ್ಕೆ ಮೊದಲು ಎರಡನೇ ಲಾಕ್, ಅಂದರೆ ಪಿನ್‌ಗಳನ್ನು ಇನ್ನೊಮ್ಮೆ ತಡೆದು ಹಿಡಿಯುವ ಪ್ಲಾಸ್ಟಿಕ್ ತುಂಡು, ಇದೆಯಾ ನೋಡಬೇಕು. ಹೆಚ್ಚಾಗಿ ಬೇರೆ ಬಣ್ಣದ್ದಿರುತ್ತದೆ: ಬಿಳಿ, ಹಳದಿ, ಕೆಂಪು. ಕೆಲವು ಬಾಯಲ್ಲಿ, ಕೆಲವು ಪಕ್ಕದಲ್ಲಿ. ಅದು ಮುಚ್ಚಿರುವಾಗ ಏನು ಮಾಡಿದರೂ ಪಿನ್ ಬರುವುದಿಲ್ಲ. ಕೆಲವನ್ನು ಪೂರ್ತಿ ಕಳಚಬೇಕಿಲ್ಲ, ಒಂದು ಹಂತ ಸರಿಸಿದರೆ ಸಾಕು. ಜೆಸಿಬಿಯಂಥ ದೊಡ್ಡ ಗಾಡಿಗಳಲ್ಲಿ ಕಾಣುವ ಡಾಯ್ಚ್ ಡಿಟಿ ಕಪ್ಲರಿನಲ್ಲಿ ಇದು ಬಾಯೊಳಗಿನ ಬೆಣೆ. ಕೊಕ್ಕೆ ಹಾಕಿ ಮುಂದಕ್ಕೆ ಎಳೆದು ತೆಗೆದರೆ ಒಳಗಿನ ಪ್ಲಾಸ್ಟಿಕ್ ಬೆರಳು ಕಾಣುತ್ತದೆ.

ಹಿಂದಕ್ಕೆ ಬರದೆ ಬಾಯಿ ಕಡೆಯಿಂದಲೇ ಹೊರಬರುವ ಪಿನ್‌ಗಳೂ ಇವೆ. ಆ ಜಾತಿ ಕಡಿಮೆ, ಆದರೆ ಇದೆ ಅನ್ನುವುದು ತಲೆಯಲ್ಲಿರಲಿ.

ಪಟ್ಟಿ ಎಲ್ಲಿಂದ?

ಇದು ನನಗೆ ತುಂಬಾ ಇಷ್ಟವಾದ ಭಾಗ. ಪಿನ್ ತೆಗೆಯುವ ಟೂಲ್ ಸೆಟ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ನಮ್ಮೂರಲ್ಲಿ ಅದಕ್ಕಿಂತ ಸುಲಭವಾಗಿ ಸಿಗುವುದು ಸವೆದ ವೈಪರ್. ವೈಪರಿನ ರಬ್ಬರಿನ ಎರಡೂ ಪಕ್ಕ ಉದ್ದಕ್ಕೂ ತೆಳ್ಳಗಿನ ಸ್ಟೀಲ್ ಪಟ್ಟಿ ಇರುತ್ತದೆ. ರಬ್ಬರ್ ಎಸೆಯಿರಿ, ಪಟ್ಟಿ ಇಟ್ಟುಕೊಳ್ಳಿ. ಬಗ್ಗಿದರೂ ವಾಪಸ್ ನೆಟ್ಟಗಾಗುವ ಸ್ಟೀಲ್ ಅದು. ಸೇಫ್ಟಿ ಪಿನ್ ಡೊಂಕಾಗುತ್ತದೆ. ಅಡಿಕೆ ಮೂಟೆ ಹೊಲಿಯುವ ದಬ್ಬಣ ದಪ್ಪವಾಯಿತು. ಎರಡನ್ನೂ ಪ್ರಯತ್ನಿಸಿ ನೋಡಿದ್ದೇನೆ.

ಪಟ್ಟಿಯನ್ನು ಗೇಣುದ್ದ ತುಂಡು ಮಾಡಿ. ತುದಿಯನ್ನು ಗ್ರೈಂಡರಿಗೆ ಹಿಡಿದು ಅಗಲ ಕಡಿಮೆ ಮಾಡಿ. ನಾನು 1, 1.5, 2 ಮಿಲಿಮೀಟರಿನ ಮೂರು ಮಾಡಿಕೊಂಡೆ. ಉಜ್ಜುವಾಗ ಮತ್ತೆ ಮತ್ತೆ ನೀರಿಗೆ ಅದ್ದುತ್ತಿರಿ. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಗಟ್ಟಿತನ ಹೋಯಿತು ಅಂತ ತಿಳಿಯಿರಿ, ಆ ಭಾಗ ಕತ್ತರಿಸಿ ಹೊಸದಾಗಿ ಶುರುಮಾಡಿ. ಕೊನೆಗೆ ಅಂಚನ್ನು ಎಮರಿ ಪೇಪರಿನಿಂದ ನಯ ಮಾಡಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಕೆರೆಯುತ್ತದೆ. ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಅಭ್ಯಾಸಕ್ಕೆ ಗುಜರಿಯಿಂದ ಒಂದು ರಿಲೇ ಬೇಸ್ ತನ್ನಿ. 30, 85, 86, 87 ಅಂತ ನಂಬರ್ ಇರುವ ಮಾಮೂಲಿ ರಿಲೇಯದ್ದು. ಒಳಗಿರುವುದು 6.3 ಮಿಲಿಮೀಟರಿನ ಪಿನ್, ನಾಲಿಗೆ ದೊಡ್ಡದು, ಕಣ್ಣಿಗೆ ಕಾಣುತ್ತದೆ. ಅದರಲ್ಲಿ ಇಪ್ಪತ್ತು ಸಲ ತೆಗೆದು ಹಾಕಿದ ಮೇಲೆ ನನ್ನ ಕೈ ಕೂತಿತು.

ಮರೆಯಬಾರದ ಕೆಲವು

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಏರ್‌ಬ್ಯಾಗಿನ ಹಳದಿ ಕಪ್ಲರ್‌ಗಳ ತಂಟೆಗೆ ಕಲಿಯುವವರು ಹೋಗಲೇಬಾರದು. ವೈರ್‌ಗಳ ಫೋಟೋ ತೆಗೆಯಿರಿ, ಯಾವ ಕಡೆಯಿಂದ ತೆಗೆದದ್ದು ಅಂತಲೂ ಬರೆದಿಡಿ. ಬಾಯಿ ಕಡೆಯಿಂದ ನೋಡಿದರೆ ಎಡಗಡೆ ಇರುವುದು ವೈರ್ ಕಡೆಯಿಂದ ಬಲಗಡೆ ಕಾಣುತ್ತದೆ.

ಹಳೇ ಪಿನ್ನನ್ನೇ ವಾಪಸ್ ಹಾಕುವುದಾದರೆ, ಒತ್ತಿದ ನಾಲಿಗೆಯನ್ನು ಪಟ್ಟಿಯ ತುದಿಯಿಂದ ಸ್ವಲ್ಪ ಎಬ್ಬಿಸಿ. ಮರೆತರೆ ಪಿನ್ ಒಳಗೆ ಹೋಗುತ್ತದೆ, ಆದರೆ ಕಚ್ಚುವುದಿಲ್ಲ. ಆಚೆ ಕಡೆಯ ಪಿನ್ ಬಂದು ತಾಗಿದಾಗ ಹಿಂದಕ್ಕೆ ಜಾರುತ್ತದೆ. ಕಿಲುಬು ಹಿಡಿದ ಪಿನ್ ಮಾತ್ರ ವಾಪಸ್ ಹಾಕಬೇಡಿ. ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಪಿನ್ನನ್ನು ಅದಕ್ಕೆ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ). ಪಿನ್ನಿಗೆ ಎರಡು ಜೊತೆ ರೆಕ್ಕೆ ಇರುತ್ತವೆ: ಒಂದು ತಾಮ್ರವನ್ನು ಹಿಡಿಯಲು, ಇನ್ನೊಂದು ಮೇಲಿನ ಪ್ಲಾಸ್ಟಿಕ್ ಹಿಡಿಯಲು.

ಹಾಕುವಾಗ ಟಕ್ ಸದ್ದು ಕೇಳಬೇಕು. ಆಮೇಲೆ ಮೆಲ್ಲಗೆ ಎಳೆದು ನೋಡಿ. ಎರಡನೇ ಲಾಕ್ ಇದ್ದರೆ ಅದನ್ನು ಮುಚ್ಚಿ. ಮುಚ್ಚಲಿಲ್ಲ ಅಂದರೆ ಯಾವುದೋ ಪಿನ್ ಪೂರ್ತಿ ಕೂತಿಲ್ಲ. ಒತ್ತಿ ಮುಚ್ಚಬೇಡಿ, ಆ ಪಿನ್ ಹುಡುಕಿ.

ಪಿಕಪ್ಪಿಗೆ ಹೊಸ ಪಿನ್, ಹೊಸ ಕಪ್ಲರ್ ಎರಡೂ ಹಾಕಿದೆವು. ಲೈಟ್ ಹಾಕಿ ಅರ್ತ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ ಮಲ್ಟಿಮೀಟರ್ ಇಟ್ಟು ನೋಡಿದಾಗ 0.1 ವೋಲ್ಟ್ ತೋರಿಸಿತು, ಅಂದರೆ ಆ ದಾರಿಯಲ್ಲಿ ಕಳೆದುಹೋಗುವುದು ಅಷ್ಟೇ. ವೈರ್ ಕಟ್ಟುವಾಗ ಅಣ್ಣ ಅದನ್ನು ಕಪ್ಲರಿಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಮೇಲಕ್ಕೆ ತಂದರು. ವೈರಿನ ಮೇಲೆ ಹರಿದು ಬಂದ ಮಳೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕಪ್ಲರ್‌ವರೆಗೆ ಏರುವುದಿಲ್ಲ.