ಆಂಗೊಸ್ತುರಾ, 2008: ಗಡಿಯಿಂದ 1.8 ಕಿಲೋಮೀಟರ್ ಆಚೆ

2008ರ ಮಾರ್ಚ್ 1. ಮಧ್ಯರಾತ್ರಿ ಆಗಷ್ಟೇ ದಾಟಿತ್ತು. ಈಕ್ವೆಡಾರ್ ದೇಶದ ಆಂಗೊಸ್ತುರಾ ಎಂಬಲ್ಲಿ, ಕಾಡಿನೊಳಗಿದ್ದ ಒಂದು ಶಿಬಿರದ ಮೇಲೆ ಪಕ್ಕದ ಕೊಲಂಬಿಯಾದ ವಿಮಾನಗಳು ಬಾಂಬ್ ಹಾಕಿದವು. ಶಿಬಿರ ಕೊಲಂಬಿಯಾದ ಫಾರ್ಕ್ ಬಂಡುಕೋರರದು. ಗಡಿಯಿಂದ ಅಲ್ಲಿಗೆ ಸುಮಾರು 1.8 ಕಿಲೋಮೀಟರ್. ಸುಮಾರು 25 ಜನ ಸತ್ತರು. ಅವರಲ್ಲಿ ಫಾರ್ಕ್‌ನ ಎರಡನೇ ದೊಡ್ಡ ನಾಯಕ ಎನಿಸಿಕೊಂಡಿದ್ದ ರೌಲ್ ರೆಯೆಸ್ ಇದ್ದ. ಮೆಕ್ಸಿಕೋದ ನಾಲ್ವರು ವಿದ್ಯಾರ್ಥಿಗಳೂ ಇದ್ದರು, ಈಕ್ವೆಡಾರ್‌ನವನೇ ಆದ ಒಬ್ಬನೂ ಇದ್ದ.

ಬಂಡುಕೋರರು ಗಡಿಯಾಚೆ ಅಡಗಿದ್ದರೆ ಒಂದು ದೇಶ ಏನು ಮಾಡಬಹುದು? ಪಠ್ಯದಲ್ಲಿ ಈ ಪ್ರಶ್ನೆ ಬಂದಾಗ ನಾನು ಮೊದಲು ತೆಗೆದುಕೊಳ್ಳುವ ಉದಾಹರಣೆ ಇದೇ. ಎರಡೂ ಕಡೆಯ ವಾದ ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ಹಿನ್ನೆಲೆ ಚಿಕ್ಕದು. ಫಾರ್ಕ್ ಹುಟ್ಟಿದ್ದು 1964ರಲ್ಲಿ. 2002ರಲ್ಲಿ ಅಲ್ವಾರೊ ಉರಿಬೆ ಕೊಲಂಬಿಯಾದ ಅಧ್ಯಕ್ಷರಾದ ಮೇಲೆ ಸೇನೆಯ ಒತ್ತಡ ಜಾಸ್ತಿಯಾಯಿತು. ದಕ್ಷಿಣದ ಗಡಿಯಲ್ಲಿ ಇರುವುದು ನದಿ ಮತ್ತು ದಟ್ಟ ಕಾಡು. ದಾಟಿ ಹೋಗುವುದು ಕಷ್ಟವೇನಲ್ಲ.

ಈಗ ಮುಖ್ಯ ಘಟ್ಟಕ್ಕೆ ಬರೋಣ. ಅವತ್ತು ಬೆಳಿಗ್ಗೆ ಉರಿಬೆ ಈಕ್ವೆಡಾರ್ ಅಧ್ಯಕ್ಷ ರಾಫೆಲ್ ಕೊರ‍್ರೆಯಾಗೆ ಫೋನ್ ಮಾಡಿದರು. ಕೊರ‍್ರೆಯಾ ಆಮೇಲೆ ಹೇಳಿದ ಪ್ರಕಾರ, ಕಾಳಗ ಕೊಲಂಬಿಯಾದೊಳಗೆ ಶುರುವಾಯಿತು, ಓಡಿದವರನ್ನು ಬೆನ್ನಟ್ಟುತ್ತಾ ಸೇನೆ ಗಡಿ ದಾಟಿತು ಎಂಬ ಮಾತು ಬಂತು. ಆದರೆ ಈಕ್ವೆಡಾರ್ ಸೈನಿಕರು ಶಿಬಿರಕ್ಕೆ ಹೋಗಿ ನೋಡಿದಾಗ ಕಂಡದ್ದು ಬೇರೆ. ಸತ್ತವರ ಮೈಮೇಲೆ ಮಲಗುವ ಬಟ್ಟೆ ಇತ್ತು. ನಿದ್ದೆಯಲ್ಲಿದ್ದವರ ಮೇಲೆ ಬಾಂಬ್ ಹಾಕಿದ್ದಾರೆ ಎಂದು ಕೊರ‍್ರೆಯಾ ಸಿಡಿದೆದ್ದರು.

ಆ ಬಟ್ಟೆಯ ಮೇಲೇ ಇಡೀ ವಾದ ನಿಂತಿದೆ, ಅಲ್ವಾ? ಓಡುವವರನ್ನು ಬೆನ್ನಟ್ಟುವುದು ಬೇರೆ, ಮಲಗಿದವರನ್ನು ಹುಡುಕಿ ಹೊಡೆಯುವುದು ಬೇರೆ. ಮೊದಲನೆಯದನ್ನು 'ಹಾಟ್ ಪರ್ಸೂಟ್' ಎನ್ನುತ್ತಾರೆ. ಇದು ಮೂಲದಲ್ಲಿ ಸಮುದ್ರದ ಕಾನೂನು. ನಮ್ಮ ಜಲಸೀಮೆಯಲ್ಲಿ ತಪ್ಪು ಮಾಡಿದ ಹಡಗನ್ನು ತೆರೆದ ಸಮುದ್ರಕ್ಕೂ ಬೆನ್ನಟ್ಟಬಹುದು. ಆದರೆ ಅದು ಇನ್ನೊಂದು ದೇಶದ ಜಲಸೀಮೆ ಸೇರಿದ ಕೂಡಲೇ ನಿಲ್ಲಿಸಬೇಕು. ನೆಲದ ಗಡಿಗೆ ಇಂಥ ಒಪ್ಪಿತ ಹಕ್ಕೇ ಇಲ್ಲ. ಹಾಗಾಗಿ ಬೆನ್ನಟ್ಟಿದ್ದು ನಿಜವೇ ಆಗಿದ್ದರೂ ಕೊಲಂಬಿಯಾದ ವಾದ ಗಟ್ಟಿಯಾಗುತ್ತಿರಲಿಲ್ಲ.

ಈಕ್ವೆಡಾರ್ ಕೈಯಲ್ಲಿದ್ದದ್ದು ಅಮೆರಿಕ ರಾಷ್ಟ್ರಗಳ ಸಂಘಟನೆಯ (ಉತ್ತರ, ದಕ್ಷಿಣ ಅಮೆರಿಕ ಖಂಡಗಳ ದೇಶಗಳ ಕೂಟ) ಸನ್ನದು, 21ನೇ ವಿಧಿ. ಒಂದು ದೇಶದ ನೆಲದ ಮೇಲೆ ಇನ್ನೊಂದು ದೇಶ ತಾತ್ಕಾಲಿಕವಾಗಿ ಕೂಡ, ಯಾವ ಕಾರಣಕ್ಕೂ ಬಲ ಪ್ರಯೋಗಿಸಬಾರದು ಎನ್ನುತ್ತದೆ ಅದು. 'ಯಾವ ಕಾರಣಕ್ಕೂ' ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಕೊಲಂಬಿಯಾ ಹಿಡಿದದ್ದು ವಿಶ್ವಸಂಸ್ಥೆ ಭದ್ರತಾ ಮಂಡಳಿಯ 2001ರ 1373ನೇ ನಿರ್ಣಯ. ಭಯೋತ್ಪಾದಕರಿಗೆ ಯಾವ ದೇಶವೂ ಆಸರೆ ಕೊಡಬಾರದು ಎಂಬುದು ಅದರ ಸಾರ. ಎರಡೂ ಕಟ್ಟುಪಾಡುಗಳೇ. ಆದರೆ ನೆರೆಯವನು ತನ್ನ ಕರ್ತವ್ಯ ಮಾಡಲಿಲ್ಲ ಎಂದರೆ ಅವನ ನೆಲಕ್ಕೆ ಬಾಂಬ್ ಹಾಕುವ ಅನುಮತಿ ಸಿಕ್ಕಿತು ಎಂದಲ್ಲ. ನನ್ನ ಮಟ್ಟಿಗೆ ಇಲ್ಲಿ ಈಕ್ವೆಡಾರ್ ವಾದವೇ ತೂಕದ್ದು.

ವೆನೆಜುವೆಲಾ ನಡುವೆ ಬಂದದ್ದು ಹಲವರಿಗೆ ಗೊಂದಲ. ದಾಳಿ ನಡೆದದ್ದು ಅದರ ನೆಲದಲ್ಲಲ್ಲ. ಫಾರ್ಕ್ ಹಿಡಿದಿಟ್ಟಿದ್ದ ಒತ್ತೆಯಾಳುಗಳ ಬಿಡುಗಡೆಗೆ ವೆನೆಜುವೆಲಾ ಅಧ್ಯಕ್ಷ ಹ್ಯೂಗೊ ಚಾವೆಜ್ ಮಧ್ಯಸ್ಥಿಕೆ ಮಾಡುತ್ತಿದ್ದರು. 2007ರ ನವೆಂಬರ್‌ನಲ್ಲಿ ಉರಿಬೆ ಅದನ್ನು ನಿಲ್ಲಿಸಿದ್ದರು. ಆ ಕಹಿ ಇನ್ನೂ ಆರಿರಲಿಲ್ಲ. ಮಾರ್ಚ್ 2ರಂದು ಚಾವೆಜ್ ತಮ್ಮ ಟಿವಿ ಕಾರ್ಯಕ್ರಮದಲ್ಲೇ, ಎಲ್ಲರೂ ನೋಡುತ್ತಿರುವಾಗ, ಹತ್ತು ಬೆಟಾಲಿಯನ್‌ಗಳನ್ನು ಕೊಲಂಬಿಯಾ ಗಡಿಗೆ ಕಳಿಸಿ ಎಂದು ಆದೇಶ ಕೊಟ್ಟರು. ಮಾರನೇ ದಿನ ಈಕ್ವೆಡಾರ್ ಕೊಲಂಬಿಯಾ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು.

ಮಾರ್ಚ್ 7ಕ್ಕೆ ಡೊಮಿನಿಕನ್ ಗಣರಾಜ್ಯದ ರಾಜಧಾನಿ ಸಾಂತೊ ದೊಮಿಂಗೊದಲ್ಲಿ ರಿಯೊ ಗುಂಪಿನ, ಅಂದರೆ ಲ್ಯಾಟಿನ್ ಅಮೆರಿಕದ ದೇಶಗಳ ವೇದಿಕೆಯ, ಶೃಂಗಸಭೆ. ಗಂಟೆಗಟ್ಟಲೆ ಜಗಳ, ಅದೂ ನೇರ ಪ್ರಸಾರದಲ್ಲಿ. ಕೊನೆಗೆ ಆತಿಥೇಯ ದೇಶದ ಅಧ್ಯಕ್ಷ ಲಿಯೊನೆಲ್ ಫೆರ್ನಾಂದೆಸ್ ಕೈ ಕುಲುಕಿ ಎಂದು ಕೇಳಿಕೊಂಡರು. ಉರಿಬೆ ಎದ್ದು ಹೋಗಿ ಕೈ ಚಾಚಿದರು. ಕೊರ‍್ರೆಯಾ ಕೈ ಕೊಟ್ಟರು, ಮುಖ ಮಾತ್ರ ಬಿಗಿಯಾಗೇ ಇತ್ತು. ಉರಿಬೆ ಕ್ಷಮೆ ಕೇಳಿ, ಇನ್ನು ಹೀಗಾಗುವುದಿಲ್ಲ ಎಂದು ಮಾತು ಕೊಟ್ಟರು.

ಆಮೇಲೆ ಅಮೆರಿಕ ರಾಷ್ಟ್ರಗಳ ಸಂಘಟನೆಯ ವಿದೇಶಾಂಗ ಸಚಿವರು ಸೇರಿ ಮಾಡಿದ ಮಾರ್ಚ್ 17ರ ನಿರ್ಣಯದ ಪದಗಳನ್ನು ಗಮನಿಸಿ. ದಾಳಿಯನ್ನು 'ಒಪ್ಪುವುದಿಲ್ಲ' ಎಂದಿದೆ, 'ಖಂಡಿಸುತ್ತೇವೆ' ಎಂದಿಲ್ಲ. ಒಂದು ಪದ ಮೃದುವಾದದ್ದರಿಂದಲೇ ಎರಡೂ ಕಡೆಯವರು ಒಂದೇ ಕಾಗದಕ್ಕೆ ಒಪ್ಪಲು ಸಾಧ್ಯವಾಯಿತು. ಆದರೂ ಎರಡು ದೇಶಗಳ ಸಂಬಂಧ ಪೂರ್ತಿ ಸರಿಹೋದದ್ದು 2010ರ ನವೆಂಬರ್‌ನಲ್ಲಿ.

ಇನ್ನೊಂದು ಎಳೆ ಉಳಿದಿದೆ. ಶಿಬಿರದಿಂದ ಕೊಲಂಬಿಯಾ ಪಡೆಗಳು ಮೂರು ಲ್ಯಾಪ್‌ಟಾಪ್, ಎರಡು ಹಾರ್ಡ್ ಡಿಸ್ಕ್, ಮೂರು ಪೆನ್ ಡ್ರೈವ್ ತಂದಿದ್ದವು. ಫೈಲುಗಳನ್ನು ತಿದ್ದಿದ ಗುರುತಿಲ್ಲ ಎಂದು ಇಂಟರ್‌ಪೋಲ್ ಹೇಳಿತು. ಆದರೆ 2011ರಲ್ಲಿ ಕೊಲಂಬಿಯಾದ ಸುಪ್ರೀಂ ಕೋರ್ಟೇ ಇವು ಸಾಕ್ಷ್ಯಕ್ಕೆ ಬರುವುದಿಲ್ಲ ಎಂದಿತು. ಪರದೇಶದ ನೆಲದಿಂದ, ಕಾನೂನಿನ ಕ್ರಮ ಬಿಟ್ಟು, ಅಧಿಕಾರವಿಲ್ಲದ ಸೈನಿಕರು ಎತ್ತಿ ತಂದದ್ದು ಎಂಬುದೇ ಕಾರಣ.