ಪೊಟೊಸಿಯ ಬೆಳ್ಳಿ, ಫಿಲಿಪ್ ದೊರೆಯ ಸಾಲ

ಪದವಿ ತರಗತಿಗಳಿಗೆ ಯುರೋಪಿನ ಇತಿಹಾಸ ಬೋಧಿಸುವ ನನಗೆ ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ಎದುರಾಗುವ ಮಾತೊಂದಿದೆ: ಅಮೆರಿಕದ ಬೆಳ್ಳಿಯಿದ್ದೂ ಸ್ಪೇನಿನ ಎರಡನೆಯ ಫಿಲಿಪ್ ದುಂದುವೆಚ್ಚದಿಂದ ದಿವಾಳಿಯಾದ. ಜಾಣ ವಿದ್ಯಾರ್ಥಿಗಳೂ ಇದನ್ನೇ ಬರೆದಾಗ ಸಂಕಟವಾಗುತ್ತದೆ, ಏಕೆಂದರೆ ಹದಿನಾರನೆಯ ಶತಮಾನದ ಯುದ್ಧಗಳು ನಡೆದ ಬಗೆಯೇ ಈ ಮಾತಿನಲ್ಲಿ ಮರೆಯಾಗುತ್ತದೆ. ದುಂದು ಇರಲೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಎಸ್ಕೋರಿಯಲ್ ಅರಮನೆ ಕಟ್ಟಿದ್ದು ಅದೇ ಕಾಲದಲ್ಲಿ. ಆದರೆ ಖರ್ಚಿನ ದೊಡ್ಡ ಬಾಯಿ ಸೈನ್ಯದ್ದು.

ದಕ್ಷಿಣ ಅಮೆರಿಕದಲ್ಲಿ, ಇಂದಿನ ಬೊಲಿವಿಯಾದಲ್ಲಿರುವ ಪೊಟೊಸಿಯಲ್ಲಿ 1545ರಲ್ಲಿ ಪತ್ತೆಯಾದ ಬೆಳ್ಳಿ ಪೂರ್ತಿ ದೊರೆಯದಾಗಿರಲಿಲ್ಲ. ಐದರಲ್ಲೊಂದು ಪಾಲು ರಾಜನಿಗೆ, ಉಳಿದದ್ದು ಗಣಿ ಒಡೆಯರಿಗೂ ವರ್ತಕರಿಗೂ ಸೇರುತ್ತಿತ್ತು. ಬೊಕ್ಕಸದ ಹೆಚ್ಚಿನ ಭಾಗ ತುಂಬುತ್ತಿದ್ದುದು ಸ್ಪೇನಿನ ಮುಖ್ಯ ರಾಜ್ಯವಾದ ಕ್ಯಾಸ್ಟೀಲಿನ ಪ್ರಜೆಗಳು ಕೊಟ್ಟ ತೆರಿಗೆಯಿಂದ. ರಾಜನ ಆ ಪಾಲಾದರೂ ಹಡಗುಗಳು ಸ್ಪೇನಿನ ಸೆವಿಲ್ ಬಂದರು ತಲುಪಿದಾಗಷ್ಟೇ ಕೈಗೆ ಸಿಗುತ್ತಿತ್ತು, ಫ್ಲಾಂಡರ್ಸಿನಲ್ಲಿ, ಅಂದರೆ ಆಗ ಫಿಲಿಪನ ಆಳ್ವಿಕೆಯಲ್ಲಿದ್ದ ಇಂದಿನ ಬೆಲ್ಜಿಯಂ–ನೆದರ್ಲೆಂಡ್ಸ್ ಭಾಗದಲ್ಲಿ, ಬಂಡಾಯ ಅಡಗಿಸಲು ಕಾದಾಡುತ್ತಿದ್ದ ಸೈನಿಕನಿಗೋ ತಿಂಗಳು ತಿಂಗಳೂ ಸಂಬಳ ಬೇಕಿತ್ತು. ಈ ಅಂತರವನ್ನು ತುಂಬಿದವರು ಇಟಲಿಯ ಜಿನೋವಾ ನಗರದ ಸಾಹುಕಾರರು. ಅವರು ಫ್ಲಾಂಡರ್ಸ್ ಕಡೆಯ ವ್ಯಾಪಾರ ನಗರ ಆಂಟ್‌ವರ್ಪ್‌ನಲ್ಲಿ ಚಿನ್ನದ ನಾಣ್ಯ ಒದಗಿಸಿ, ಮುಂದೆ ಬರಲಿರುವ ಬೆಳ್ಳಿಯನ್ನೂ ತೆರಿಗೆಯನ್ನೂ ಬರೆಸಿಕೊಳ್ಳುತ್ತಿದ್ದರು. ಪೈರು ಹೊಲದಲ್ಲಿರುವಾಗಲೇ ಫಸಲನ್ನು ಬರೆದುಕೊಟ್ಟ ರೈತನ ಸ್ಥಿತಿ ದೊರೆಯದು.

1557ರಲ್ಲಿ ಒಮ್ಮೆ ಮಾಡಿದಂತೆ 1575ರಲ್ಲಿಯೂ ಫಿಲಿಪ್ ಸಾಲದ ಪಾವತಿಯನ್ನು ನಿಲ್ಲಿಸಿದ. ಬೊಕ್ಕಸ ಬರಿದಾಗಿತ್ತೆಂದು ಇದರ ಅರ್ಥವಲ್ಲ. ದುಬಾರಿ ಬಡ್ಡಿಯ ಅಲ್ಪಾವಧಿ ಸಾಲಗಳನ್ನು ಕಡಿಮೆ ಬಡ್ಡಿಯ ದೀರ್ಘಾವಧಿ ಪತ್ರಗಳಾಗಿ ಬದಲಿಸಲು ಸಾಹುಕಾರರನ್ನು ಒಪ್ಪಿಸುವುದು ಅದರ ಮುಖ್ಯ ಉದ್ದೇಶವಾಗಿತ್ತು. ಅವರು ಪ್ರತಿಯಾಗಿ ಫ್ಲಾಂಡರ್ಸಿಗೆ ಹಣ ಕಳುಹಿಸುವುದನ್ನೇ ನಿಲ್ಲಿಸಿದರು.

ಆಮೇಲಿನದನ್ನು ನಾನು ತರಗತಿಯಲ್ಲಿ ನಿಧಾನವಾಗಿಯೇ ಹೇಳುತ್ತೇನೆ. 1576ರ ಮಾರ್ಚಿನಲ್ಲಿ ಅಲ್ಲಿನ ರಾಜ್ಯಪಾಲ ರೆಕೆಸೆನ್ಸ್ ತೀರಿಕೊಂಡ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದ ಸ್ಪೇನಿನ ಸೈನಿಕರು ಬೇಸಿಗೆಯಲ್ಲಿ ಬಂಡಾಯಗಾರರ ಕೈಲಿದ್ದ ಜೀರಿಕ್ಜೇ ಪಟ್ಟಣವನ್ನು ಗೆದ್ದರು, ಗೆದ್ದ ಕೂಡಲೇ ಬಾಕಿ ಸಂಬಳಕ್ಕಾಗಿ ದಂಗೆಯೆದ್ದರು. ನವೆಂಬರ್ 4ರಂದು ದಂಗೆಕೋರರು ಕೋಟೆಯ ಪಡೆಯೊಡನೆ ಸೇರಿ ಆಂಟ್‌ವರ್ಪ್ ನಗರವನ್ನೇ ಸೂರೆಗೈದರು. ಸಾವಿರಾರು ಜನ ಸತ್ತರು, 1565ರಲ್ಲಷ್ಟೇ ಮುಗಿದಿದ್ದ ನಗರಸಭಾ ಭವನ ಸುಟ್ಟುಹೋಯಿತು. ನಾಲ್ಕು ದಿನಗಳ ನಂತರ, ಅದುವರೆಗೆ ದೊರೆಯ ಕಡೆಗಿದ್ದ ಪ್ರಾಂತಗಳು ಘೆಂಟ್‌ನಲ್ಲಿ ಬಂಡಾಯದ ಹಾಲೆಂಡ್ ಮತ್ತು ಜೀಲೆಂಡ್‌ಗಳೊಡನೆ ಒಪ್ಪಂದ ಮಾಡಿಕೊಂಡು, ಸ್ಪೇನಿನ ಪಡೆ ದೇಶ ಬಿಡಬೇಕೆಂದು ಪಟ್ಟುಹಿಡಿದವು. ಹೊಸ ರಾಜ್ಯಪಾಲ ಡಾನ್ ಹ್ವಾನ್ 1577ರ ಫೆಬ್ರುವರಿಯಲ್ಲಿ ಆ ಷರತ್ತಿಗೆ ಒಪ್ಪಬೇಕಾಯಿತು.